ನೀವು ಅಧಿಕಾರಿಯೋ, ನೌಕರರೋ, ಬರೀ ಕೆಲಸಗಾರರೋ? ಆರ್ಡರ್ ಕಾಪಿ ಇಟ್ಟುಕೊಂಡು ತಿಳಿಯುವ ಬಗೆ

ನಮ್ಮ ಕಲಬುರಗಿ ಕಡೆ ಕಚೇರಿಯೊಳಗೆ ಕುಂತವರೆಲ್ಲ ಸಾಹೇಬರೇ. ಡಿಸಿ ದೊಡ್ಡ ಸಾಹೇಬರು, ತಹಸೀಲ್ದಾರರು ಸಾಹೇಬರು, ಟಪಾಲು ತಗೊಳ್ಳುವ ಗುಮಾಸ್ತರು ಸಾಹೇಬರು, ಕಂಪ್ಯೂಟರ್ ಮುಂದೆ ಕುಂತ ಹೊರಗುತ್ತಿಗೆ ಹುಡುಗನೂ ಸಾಹೇಬ. ನಿಜಾಮರ ಕಾಲದ ದಫ್ತರದಿಂದ ಉಳಿದು ಬಂದ ಮರ್ಯಾದೆ ಇದು, ಇರಲಿ. ತೊಂದರೆ ಶುರುವಾಗುವುದು ಆ ಸಾಹೇಬನನ್ನು ಕೆಲಸದಿಂದ ತೆಗೆದ ದಿನ. ಅವತ್ತು ಕಾನೂನು ಕೇಳುವುದು ಒಂದೇ ಮಾತು: ನೀನು ಯಾರ ನೌಕರ, ಯಾವ ನಿಯಮದ ಕೆಳಗೆ?

ಸೇವಾ ವ್ಯಾಜ್ಯಗಳನ್ನೇ ನೋಡುವ ವಕೀಲನಾಗಿ ನನ್ನ ಮೇಜಿನ ಮೇಲೆ ಬರುವ ಫೈಲುಗಳಲ್ಲಿ ಅರ್ಧದಷ್ಟು ಕೆಡುವುದು ಇಲ್ಲೇ. ಹೋಗಬೇಕಾದ ಬಾಗಿಲು ಒಂದು, ಹೋಗಿ ತಟ್ಟಿದ ಬಾಗಿಲು ಇನ್ನೊಂದು. ಅಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಕೆಲವು ತಿಂಗಳ ಹಿಂದೆ ಚಿಂಚೋಳಿ ಕಡೆಯ ಒಬ್ಬ ಡೇಟಾ ಎಂಟ್ರಿ ಆಪರೇಟರ್ ಬಂದಿದ್ದ. ಒಂಬತ್ತು ವರ್ಷ ಒಂದೇ ಕಚೇರಿಯಲ್ಲಿ ದುಡಿದವನು. ಕೊರಳಲ್ಲಿ ಗಂಡಭೇರುಂಡ ಇದ್ದ ಗುರುತಿನ ಚೀಟಿ. "ವಕೀಲ್ ಸಾಹೇಬ್ರ, ನಾ ಸರ್ಕಾರಿ ನೌಕರಿ ಅದೀನ್ರಿ, ಕೆಎಟಿಗಿ ಹಾಕ್ರಿ" ಅಂದ. ಕೆಎಟಿ ಅಂದರೆ ಸರ್ಕಾರಿ ನೌಕರರ ಸೇವಾ ವ್ಯಾಜ್ಯ ನೋಡುವ ರಾಜ್ಯ ಆಡಳಿತ ನ್ಯಾಯಮಂಡಳಿ. ನೇಮಕಾತಿ ಆದೇಶ ಕೇಳಿದೆ. ಪ್ಲಾಸ್ಟಿಕ್ ಚೀಲದಿಂದ ನಾಲ್ಕು ಮಡಿಕೆಯ ಕಾಗದ ತೆಗೆದ. ಮೇಲೆ ಒಂದು ಮಾನವಸಂಪನ್ಮೂಲ ಏಜೆನ್ಸಿಯ ಲೆಟರ್‌ಹೆಡ್ಡು. ಸಂಬಳದ ಚೀಟಿಯಲ್ಲಿ ಇಪಿಎಫ್ ಕಡಿತ, ಇಎಸ್‌ಐ ಕಡಿತ. ಸರ್ಕಾರಿ ನೌಕರರ ವಿಮೆಯಾದ ಕೆಜಿಐಡಿಯ ಕಲಮೇ ಇಲ್ಲ. ಕೊರಳಲ್ಲಿದ್ದ ಗಂಡಭೇರುಂಡ ಅವನಿಗೆ ಒಂಬತ್ತು ವರ್ಷ ಹೇಳಿದ್ದೇ ಬೇರೆ, ಕಾಗದ ಹೇಳಿದ್ದೇ ಬೇರೆ.

ಹೀಗಾಗಬಾರದು ಅಂತಲೇ ಈ ಬರಹ. ಕಾಗದ ಮುಂದೆ ಇಟ್ಟುಕೊಂಡು ಓದಿ.

ಮೊದಲ ಹೆಜ್ಜೆ: ಬೋರ್ಡ್ ಮರೆತುಬಿಡಿ, ಆದೇಶ ತೆಗೆಯಿರಿ

ಹುದ್ದೆಯ ಹೆಸರಿನಲ್ಲಿ "ಅಧಿಕಾರಿ" ಅಂತ ಇದ್ದಮಾತ್ರಕ್ಕೆ ಕಾನೂನಿನ ಕಣ್ಣಲ್ಲಿ ಅಧಿಕಾರಿ ಆಗುವುದಿಲ್ಲ. ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ, ಗ್ರೂಪ್ ಸಿ ಹುದ್ದೆ. ನಮ್ಮನ್ನು ಗ್ರೂಪ್ ಬಿಗೆ ಏರಿಸಿ ಅಂತ ಅವರು ಹೋರಾಟ ಮಾಡುತ್ತಿರುವುದು ಅದಕ್ಕೇ. ಗ್ರಾಮ ಲೆಕ್ಕಾಧಿಕಾರಿಗೆ ಈಗ ಗ್ರಾಮ ಆಡಳಿತ ಅಧಿಕಾರಿ ಅಂತ ಹೊಸ ಹೆಸರು ಬಂದಿದೆ. ಹೆಸರು ಉದ್ದವಾಯಿತು, ಗುಂಪು ಅದೇ ಸಿ. ಚುನಾವಣೆ ಬಂತೆಂದರೆ ಪ್ರಾಥಮಿಕ ಶಾಲೆ ಮಾಸ್ತರರು ಮತಗಟ್ಟೆಯ ಅಧ್ಯಕ್ಷಾಧಿಕಾರಿ. ಓಣಿಯ ಅಂಗನವಾಡಿ ಅಕ್ಕೋರು ಎಷ್ಟೋ ಕಡೆ ಬೂತ್ ಮಟ್ಟದ ಅಧಿಕಾರಿ. ಇವೆಲ್ಲ ಒಪ್ಪಿಸಿದ ಕೆಲಸದ ಹೆಸರುಗಳು, ಹುದ್ದೆಯ ದರ್ಜೆ ಅಲ್ಲ.

ಆದೇಶದಲ್ಲಿ ಕಣ್ಣಿಟ್ಟು ನೋಡಬೇಕಾದ್ದು ಇಷ್ಟು. ಯಾರ ಸಹಿ ಇದೆ? "ರಾಜ್ಯಪಾಲರ ಆಜ್ಞಾನುಸಾರ ಮತ್ತು ಅವರ ಹೆಸರಿನಲ್ಲಿ" ಅಂತ ಕೊನೆಗೆ ಇದೆಯೋ, ಜಿಲ್ಲಾಧಿಕಾರಿ ಅಥವಾ ಇಲಾಖಾ ಮುಖ್ಯಸ್ಥರ ಸಹಿಯೋ, ನಿಗಮದ ವಿಭಾಗೀಯ ನಿಯಂತ್ರಣಾಧಿಕಾರಿಯದೋ, ಗ್ರಾಮ ಪಂಚಾಯತಿಯ ಠರಾವೋ, ಏಜೆನ್ಸಿಯ ಮ್ಯಾನೇಜರನದೋ? ಆಮೇಲೆ "ಓದಲಾಗಿದೆ" ಅಥವಾ "ಉಲ್ಲೇಖ" ಅಂತ ಮೇಲೆ ಸಣ್ಣಕ್ಷರದಲ್ಲಿರುವ ಸಾಲು. ಜನ ಬಿಟ್ಟು ಓದುವುದು ಅದನ್ನೇ, ನಾವು ಮೊದಲು ಓದುವುದೂ ಅದನ್ನೇ. ನೇಮಕಾತಿ ಯಾವ ನಿಯಮದ ಪ್ರಕಾರ ಆಯಿತು ಅನ್ನುವುದು ಅಲ್ಲಿರುತ್ತದೆ. ಅಲ್ಲಿ ವೃಂದ ಮತ್ತು ನೇಮಕಾತಿ ನಿಯಮಗಳ ಹೆಸರಿದ್ದರೆ ಅರ್ಧ ಗೆದ್ದಂತೆ. ಟೆಂಡರ್ ನಂಬರ್ ಇದ್ದರೆ ಕಥೆ ಬೇರೆ. ಕೊನೆಗೆ ವೇತನ ಶ್ರೇಣಿ ಇದೆಯೋ, "ಗೌರವಧನ", "ಸಂಚಿತ ವೇತನ", "ದಿನಗೂಲಿ" ಅಂತ ಇದೆಯೋ ನೋಡಿ.

ಆದೇಶ ಕಳೆದುಹೋಗಿದ್ದರೆ ಸಂಬಳದ ಚೀಟಿ ಅರ್ಧ ಕಥೆ ಹೇಳುತ್ತದೆ. ಸರ್ಕಾರದ ಸಂಬಳ ತಂತ್ರಾಂಶವಾದ ಎಚ್‌ಆರ್‌ಎಂಎಸ್‌ನಲ್ಲಿ ಬಿಲ್ಲಾಗಿ, ಕೆಜಿಐಡಿ ಕಂತು ಕಡಿತವಾಗಿ, 2006ರ ಏಪ್ರಿಲ್ 1ರಂದು ಅಥವಾ ಆಮೇಲೆ ಸೇರಿದವರಾದರೆ ಹೊಸ ಪಿಂಚಣಿಯ ಎನ್‌ಪಿಎಸ್ ಕಡಿತವೂ ಇದ್ದರೆ, ಸಾಮಾನ್ಯವಾಗಿ ರಾಜ್ಯ ಸರ್ಕಾರದ ನೌಕರ. ಇಪಿಎಫ್ ಇದ್ದರೆ ಇನ್ನೊಮ್ಮೆ ಯೋಚಿಸಿ. ಇದು ಸಾಕ್ಷಿಗೆ ಸುಳಿವು ಅಷ್ಟೇ, ತೀರ್ಪಲ್ಲ. ಮಾಹಿತಿ ಹಕ್ಕಿನಲ್ಲಿ ನಿಮ್ಮದೇ ನೇಮಕಾತಿ ಕಡತದ ದೃಢೀಕೃತ ನಕಲು ಕೇಳಿ, 30 ದಿನದೊಳಗೆ ಉತ್ತರ ಕೊಡಬೇಕು.

ಎರಡನೇ ಹೆಜ್ಜೆ: ಯಜಮಾನ ಯಾರು?

ಜಿಲ್ಲಾಧಿಕಾರಿ, ಎಸ್‌ಪಿ ಇವರು ಅಖಿಲ ಭಾರತ ಸೇವೆಯವರು. ಸಂವಿಧಾನದ 312ನೇ ವಿಧಿಯ ಸೇವೆ, ಶಿಸ್ತಿಗೆ 1969ರ ಪ್ರತ್ಯೇಕ ನಿಯಮಗಳು. ವಾಡಿ ಜಂಕ್ಷನ್ನಿನ ರೈಲ್ವೆ ಸಿಬ್ಬಂದಿ, ಅಂಚೆ ಕಚೇರಿಯವರು ಕೇಂದ್ರ ಸರ್ಕಾರದವರು. ತಹಸೀಲ್ ಕಚೇರಿಯ ಪ್ರಥಮ, ದ್ವಿತೀಯ ದರ್ಜೆ ಸಹಾಯಕರಾದ ಎಫ್‌ಡಿಎ, ಎಸ್‌ಡಿಎ, ಸರ್ಕಾರಿ ಶಾಲೆ ಶಿಕ್ಷಕರು, ಪೊಲೀಸರು, ಪ್ರಾಥಮಿಕ ಆರೋಗ್ಯ ಕೇಂದ್ರದ ಕಾಯಂ ಸಿಬ್ಬಂದಿ ರಾಜ್ಯ ಸರ್ಕಾರದವರು.

ಇಲ್ಲಿಂದ ಮುಂದೆ ಗೊಂದಲ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕಂಡಕ್ಟರ್, ವಿದ್ಯುತ್ ಕಂಪನಿ ಜೆಸ್ಕಾಂನ ಲೈನ್‌ಮನ್, ಗುಲ್ಬರ್ಗ ವಿಶ್ವವಿದ್ಯಾಲಯದ ಸಿಬ್ಬಂದಿ: ಇವರ ಸಂಸ್ಥೆಗಳು ಸರ್ಕಾರದ್ದೇ ಅಥವಾ ಕಾಯ್ದೆಯಿಂದ ಹುಟ್ಟಿದ್ದು. ಆದರೂ ಇವರು ಸರ್ಕಾರಿ ನೌಕರರಲ್ಲ, ಆಯಾ ಸಂಸ್ಥೆಯ ನೌಕರರು. ಹಿಂದುಸ್ತಾನ್ ಸ್ಟೀಲಿನ ಒಬ್ಬ ವೈದ್ಯರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1970ರಲ್ಲೇ ಹೇಳಿಬಿಟ್ಟಿದೆ: ನಿಗಮದ ನೌಕರನಿಗೆ 311ನೇ ವಿಧಿಯ ರಕ್ಷಣೆ ಇಲ್ಲ. ಸಾರಿಗೆ ನೌಕರರು 2020ರ ಡಿಸೆಂಬರಿನಲ್ಲಿ ಬಸ್ಸು ನಿಲ್ಲಿಸಿ ಕೇಳಿದ್ದು ಏನು? ನಮ್ಮನ್ನು ಸರ್ಕಾರಿ ನೌಕರರೆಂದು ಪರಿಗಣಿಸಿ ಅಂತ. ಆಗಲೇ ಆಗಿದ್ದರೆ ಕೇಳುವ ಪ್ರಮೇಯ ಬರುತ್ತಿರಲಿಲ್ಲ.

ಹಾಗಂತ ನಿಗಮದವರು ಅನಾಥರಲ್ಲ. ಶಾಸನಬದ್ಧ ನಿಗಮಗಳೂ ಸಂವಿಧಾನದ "ರಾಜ್ಯ" ಅನ್ನುವ ಪದದೊಳಗೇ ಬರುತ್ತವೆ ಅಂತ 1975ರಲ್ಲಿ ಸುಖದೇವ್ ಸಿಂಗ್ ಪ್ರಕರಣದಲ್ಲಿ ತೀರ್ಮಾನವಾಗಿದೆ. ಹಾಗಾಗಿ 14 ಮತ್ತು 16ನೇ ವಿಧಿಯ ಸಮಾನತೆ ಅವರಿಗೂ ಉಂಟು. ಮನಸ್ಸಿಗೆ ಬಂದಂತೆ ತೆಗೆದರೆ ಹೈಕೋರ್ಟಿಗೆ ರಿಟ್ ಹಾಕಬಹುದು.

ಗ್ರಾಮ ಪಂಚಾಯತಿಯ ಕರವಸೂಲಿಗಾರ, ವಾಟರ್‌ಮನ್, ಸ್ವಚ್ಛತಾಗಾರ ಪಂಚಾಯತಿಯ ಸಿಬ್ಬಂದಿ. ಅದೇ ಕಟ್ಟಡದಲ್ಲಿ ಪಕ್ಕದ ಕುರ್ಚಿಯ ಪಿಡಿಒ ಸರ್ಕಾರದ ನೌಕರ. ಒಂದೇ ಫ್ಯಾನಿನ ಕೆಳಗೆ ಎರಡು ಕಾನೂನು.

ಮೂರನೇ ಹೆಜ್ಜೆ: ಅದು "ಸಿವಿಲ್ ಹುದ್ದೆ" ಹೌದೋ ಅಲ್ಲವೋ

ಇಡೀ ವಿಷಯದ ನಡುಗಂಬ ಇದು, ಸ್ವಲ್ಪ ನಿಧಾನವಾಗಿ ನೋಡೋಣ.

ಸಂವಿಧಾನದ 310ನೇ ವಿಧಿ ಪ್ರಕಾರ ರಾಜ್ಯದ ನೌಕರ ರಾಜ್ಯಪಾಲರ ಇಚ್ಛೆ ಇರುವತನಕ ಹುದ್ದೆಯಲ್ಲಿರುತ್ತಾನೆ. ಕೇಳಿದರೆ ಭಯವಾಗುವ ಮಾತು. ಆ ಭಯಕ್ಕೆ ಕಡಿವಾಣ 311ನೇ ವಿಧಿ. ಅದರ ಮೊದಲ ಭಾಗ: ನೇಮಿಸಿದ ಪ್ರಾಧಿಕಾರಕ್ಕಿಂತ ಕೆಳಗಿನವರು ವಜಾ ಮಾಡುವಂತಿಲ್ಲ. ಎರಡನೆಯ ಭಾಗ: ಆರೋಪ ತಿಳಿಸಿ, ವಿಚಾರಣೆ ನಡೆಸಿ, ಹೇಳಿಕೊಳ್ಳಲು ನ್ಯಾಯವಾದ ಅವಕಾಶ ಕೊಡದೆ ವಜಾ, ಸೇವೆಯಿಂದ ತೆಗೆಯುವುದು, ದರ್ಜೆ ಇಳಿಸುವುದು ಮಾಡುವಂತಿಲ್ಲ. ವಿನಾಯಿತಿ ಮೂರೇ: ಕ್ರಿಮಿನಲ್ ಕೇಸಿನಲ್ಲಿ ಶಿಕ್ಷೆಯಾಗಿದ್ದರೆ, ವಿಚಾರಣೆ ನಡೆಸುವುದೇ ಸಾಧ್ಯವಿಲ್ಲ ಅಂತ ಲಿಖಿತ ಕಾರಣ ದಾಖಲಿಸಿದ್ದರೆ, ರಾಜ್ಯದ ಭದ್ರತೆಯ ಪ್ರಶ್ನೆ ಇದ್ದರೆ.

ಗಮನಿಸಿ, ಇಲ್ಲಿ ಅಧಿಕಾರಿ, ನೌಕರ ಅನ್ನುವ ಭೇದವೇ ಇಲ್ಲ. ಕಾರ್ಯದರ್ಶಿಗೂ ಅದೇ 311, ಜವಾನನಿಗೂ ಅದೇ. "ಸಾಹೇಬರಿಗೆ ಕಾನೂನು ಐತ್ರಿ, ನಮ್ಮಂಥ ದಲಾಯತಿಗೆ ಏನದ" ಅನ್ನುವವರಿಗೆ ನಾನು ಈ ವಿಧಿಯನ್ನೇ ಓದಿ ಹೇಳುತ್ತೇನೆ. ಭೇದ ಇರುವುದು ಸಿವಿಲ್ ಹುದ್ದೆ ಹಿಡಿದವನು ಮತ್ತು ಹಿಡಿಯದವನ ನಡುವೆ.

ಹುದ್ದೆ ಸಿವಿಲ್ ಹೌದೋ ಅಲ್ಲವೋ ಅಂತ ನೋಡಲು ಅಸ್ಸಾಮಿನ ಕನಕಚಂದ್ರ ದತ್ತ ಅನ್ನುವವರ ಪ್ರಕರಣ ದಾರಿ ಹಾಕಿಕೊಟ್ಟಿದೆ. ಅವರು ಮೌಜಾದಾರ್, ಕಮಿಷನ್ ಮೇಲೆ ಕಂದಾಯ ಎತ್ತುವವರು. ನಮ್ಮ ಕಡೆಯ ಹಳೆಯ ಮಾಲಿ ಪಟೇಲರನ್ನು ನೆನೆಸಿಕೊಳ್ಳಿ. ನೇಮಿಸುವ ಹಕ್ಕು ಯಾರದು, ಅಮಾನತು ಮಾಡಿ ತೆಗೆಯುವ ಹಕ್ಕು ಯಾರದು, ಕೆಲಸ ಹೇಗೆ ಮಾಡಬೇಕೆಂದು ಹೇಳುವವರು ಯಾರು, ದುಡ್ಡು ಕೊಡುವವರು ಯಾರು ಅಂತ ನೋಡಿ ಕೋರ್ಟು ಅದು ಸಿವಿಲ್ ಹುದ್ದೆಯೇ ಅಂದಿತು. ಸಂಬಳ ಪೂರ್ತಿಯೋ ಕಮಿಷನ್ನೋ ಅನ್ನುವುದು ಮುಖ್ಯವಾಗಲಿಲ್ಲ.

ಈ ಅಳತೆಗೋಲನ್ನು ಒಂದೇ ಊರಿನ ಇಬ್ಬರ ಮೇಲೆ ಇಟ್ಟು ನೋಡಿ. ಆಳಂದ ತಾಲೂಕಿನ ಯಾವುದೋ ಹಳ್ಳಿ ಅಂತಿಟ್ಟುಕೊಳ್ಳಿ. ಗುಡಿಯ ಪಕ್ಕದ ಖೋಲಿಯಲ್ಲಿ ದಿನಕ್ಕೆ ಕೆಲವೇ ತಾಸು ಟಪಾಲು ನೋಡುವ ಗ್ರಾಮೀಣ ಡಾಕ್ ಸೇವಕ. ಎದುರು ಓಣಿಯಲ್ಲಿ ಮಕ್ಕಳಿಗೆ ಉಣ್ಣಲಿಕ್ಕೆ ಹಾಕುವ, ಬಸುರಿಯರ ಲೆಕ್ಕ ಇಡುವ ಅಂಗನವಾಡಿ ಕಾರ್ಯಕರ್ತೆ. ಇಬ್ಬರಿಗೂ ಕಾಯಂ ನೌಕರರ ಸಂಬಳ ಇಲ್ಲ. ಡಾಕ್ ಸೇವಕರ ಹಳೆಯ ಹೆಸರು ಇಲಾಖೇತರ ಏಜೆಂಟ್. ಆದರೂ ಅವರದು ಸಿವಿಲ್ ಹುದ್ದೆ ಅಂತ 1977ರಲ್ಲಿ ಪಿ.ಕೆ. ರಾಜಮ್ಮ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಂಗನವಾಡಿಯವರದು ಹಾಗಲ್ಲ ಅಂತ 2006ರ ಡಿಸೆಂಬರಿನಲ್ಲಿ ಅದೇ ಕೋರ್ಟ್ ಹೇಳಿತು. ಅದು ನಮ್ಮ ರಾಜ್ಯದ್ದೇ ಪ್ರಕರಣ, ಕರ್ನಾಟಕ ಸರ್ಕಾರ ಮತ್ತು ಅಮೀರ್‌ಬಿ ನಡುವಿನದು. ಅದು ಯೋಜನೆಯ ಕೆಳಗಿನ ಕೆಲಸ, ಕಾನೂನಿನಿಂದ ಸೃಷ್ಟಿಯಾದ ಹುದ್ದೆಯಲ್ಲ, ನೇಮಕಾತಿ ನಿಯಮಗಳ ಪ್ರಕ್ರಿಯೆ ನಡೆದಿಲ್ಲ ಅನ್ನುವುದು ಕಾರಣ. ಹಾಗಾಗಿ ಆಡಳಿತ ನ್ಯಾಯಮಂಡಳಿಯ ಬಾಗಿಲು ಅವರಿಗೆ ಮುಚ್ಚಿತು.

ನನಗೆ ಕೇಳಿದರೆ ಎರಡೂ ತೀರ್ಪನ್ನು ಒಟ್ಟಿಗಿಟ್ಟು ಓದುವಾಗ ಗಂಟಲಲ್ಲಿ ಏನೋ ಸಿಕ್ಕಿಕೊಳ್ಳುತ್ತದೆ. ದಿನಕ್ಕೆ ಹತ್ತು ರಿಜಿಸ್ಟರ್ ಬರೆಸಿಕೊಳ್ಳುವಾಗ ಸರ್ಕಾರಕ್ಕೆ ಅವರು ಸ್ವಯಂಸೇವಕಿ ಅನ್ನಿಸುವುದಿಲ್ಲ. 2022ರಲ್ಲಿ ಮಣಿಬೆನ್ ಪ್ರಕರಣದಲ್ಲಿ ಅಂಗನವಾಡಿ ಕಾರ್ಯಕರ್ತೆ, ಸಹಾಯಕಿಯರಿಗೆ ಗ್ರಾಚುಯಿಟಿ ಸಲ್ಲುತ್ತದೆ ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಸ್ವಲ್ಪ ಸಮಾಧಾನ. ಸಿವಿಲ್ ಹುದ್ದೆ ಅಲ್ಲ ಅಂದ ಮಾತ್ರಕ್ಕೆ ಹಕ್ಕೇ ಇಲ್ಲ ಅಂತಲ್ಲ, ಹಕ್ಕು ಬೇರೆ ಕಾನೂನಿನಿಂದ ಬರುತ್ತದೆ.

ದಿನಗೂಲಿ, ಗುತ್ತಿಗೆಯವರಿಗೆ ಎರಡು ತೀರ್ಪು ಗೊತ್ತಿರಬೇಕು. ಒಂದು 2006ರ ಏಪ್ರಿಲ್ 10ರ ಉಮಾದೇವಿ ತೀರ್ಪು, ಅದೂ ಕರ್ನಾಟಕದ್ದೇ: ಹಿಂಬಾಗಿಲಿನಿಂದ ಬಂದವರನ್ನು ಬರೀ ವರ್ಷಗಳ ಲೆಕ್ಕದ ಮೇಲೆ ಕಾಯಂ ಮಾಡುವಂತಿಲ್ಲ. ಮಂಜೂರಾದ ಹುದ್ದೆಯಲ್ಲಿ ಕೋರ್ಟಿನ ಆದೇಶದ ಆಸರೆ ಇಲ್ಲದೆ ಹತ್ತು ವರ್ಷ ದುಡಿದ ಅರ್ಹರನ್ನು ಒಂದು ಸಲದ ಕ್ರಮವಾಗಿ ಪರಿಗಣಿಸಬಹುದು. ಇನ್ನೊಂದು 2024ರ ಡಿಸೆಂಬರಿನ ಜಗ್ಗೋ ತೀರ್ಪು: ಕಾಯಂ ಸ್ವರೂಪದ ಕೆಲಸವನ್ನು ದಶಕಗಟ್ಟಲೆ ಮಾಡಿಸಿಕೊಂಡು, ಆಮೇಲೆ ಉಮಾದೇವಿ ತೀರ್ಪನ್ನೇ ಗುರಾಣಿ ಹಿಡಿಯುವುದು ಸಲ್ಲದು. ಚಿಂಚೋಳಿಯ ಹುಡುಗನಿಗೆ ಇವೆರಡೂ ನೇರ ಒಗ್ಗುವುದಿಲ್ಲ, ನಡುವೆ ಏಜೆನ್ಸಿ ಇದೆ. ಏಜೆನ್ಸಿ ಬರೀ ಹೆಸರಿಗೆ, ನಿಜವಾದ ಯಜಮಾನ ಕಚೇರಿಯೇ ಅಂತ ತೋರಿಸಬೇಕಾದರೆ ಅದು ಕಾರ್ಮಿಕ ಕಾನೂನಿನ ದಾರಿ, ಸಾಕ್ಷಿ ಬೇಕು. ಅವನ ಹತ್ತಿರ ರಜೆ ಮಂಜೂರಾದ ಚೀಟಿಗಳಿದ್ದವು, ಎಲ್ಲದಕ್ಕೂ ಕಚೇರಿಯ ಸಾಹೇಬರದೇ ಸಹಿ. ಅವನು ಅವನ್ನು ಬಿಸಾಡಲು ತಂದಿದ್ದ. ನಾನು ತೆಗೆದಿಟ್ಟುಕೊಂಡೆ.

ನಾಲ್ಕನೇ ಹೆಜ್ಜೆ: ಗುಂಪು ಮತ್ತು ಗೆಜೆಟ್

ಸಿವಿಲ್ ಹುದ್ದೆ ಅಂತಾದರೆ ಈಗ ಒಳಗಿನ ಮೆಟ್ಟಿಲು. ಕರ್ನಾಟಕ ಸಿವಿಲ್ ಸೇವೆಗಳು (ವರ್ಗೀಕರಣ, ನಿಯಂತ್ರಣ ಮತ್ತು ಮೇಲ್ಮನವಿ) ನಿಯಮಗಳು 1957, ಕಚೇರಿ ಭಾಷೆಯಲ್ಲಿ ಸಿಸಿಎ ರೂಲ್ಸ್, ನೌಕರರನ್ನು ಎ, ಬಿ, ಸಿ, ಡಿ ಅಂತ ನಾಲ್ಕು ಗುಂಪು ಮಾಡುತ್ತವೆ. ಎ ಮತ್ತು ಬಿ ಪತ್ರಾಂಕಿತ, ಅಂದರೆ ಗೆಜೆಟೆಡ್. ಜನಬಳಕೆಯಲ್ಲಿ "ಅಧಿಕಾರಿ" ಅನ್ನುವುದು ಇವರಿಗೇ. ಉಪವಿಭಾಗಾಧಿಕಾರಿ ಎ ಗುಂಪು, ಗ್ರೇಡ್-2 ತಹಸೀಲ್ದಾರ್ ಬಿ ಗುಂಪು, ಎಫ್‌ಡಿಎ, ಎಸ್‌ಡಿಎ ಸಿ ಗುಂಪು, ಜವಾನ ಡಿ ಗುಂಪು. 2024ರ ಆಗಸ್ಟಿನಲ್ಲಿ ಏಳನೇ ವೇತನ ಆಯೋಗದ ಶ್ರೇಣಿ ಬಂದು ಕನಿಷ್ಠ ಮೂಲವೇತನ 27,000 ರೂಪಾಯಿ ಆಯಿತು. ಸಂಬಳ ಏರಿದ್ದಕ್ಕೆ ಗುಂಪು ಏರುವುದಿಲ್ಲ.

ಈ ಗುಂಪಿನಿಂದ ಆಗುವ ವ್ಯತ್ಯಾಸ ದೊಡ್ಡದು ಒಂದೇ: ನೇಮಿಸುವವರು, ಶಿಕ್ಷೆ ಕೊಡುವವರು ಯಾರು ಅನ್ನುವುದು. ಎ, ಬಿ ಗುಂಪಿನಲ್ಲಿ ಸಾಮಾನ್ಯವಾಗಿ ಸರ್ಕಾರವೇ. ಕೆಳಗಿನವರಿಗೆ ಇಲಾಖಾ ಮುಖ್ಯಸ್ಥರು ಅಥವಾ ಜಿಲ್ಲಾ ಮಟ್ಟದ ಪ್ರಾಧಿಕಾರ. ವಜಾ ಆದೇಶ ಕೈಗೆ ಬಂದರೆ ಅದರ ಒಳಗಿನ ಬೈಗುಳ ಓದುವ ಮೊದಲು ಕೆಳಗಿನ ಸಹಿ ನೋಡಿ. ಡಿಸಿ ನೇಮಿಸಿದ ಗುಮಾಸ್ತನನ್ನು ಉಪವಿಭಾಗಾಧಿಕಾರಿ ವಜಾ ಮಾಡಿದ್ದರೆ, ಆರೋಪ ನೂರಕ್ಕೆ ನೂರು ನಿಜವಿದ್ದರೂ ಆ ಆದೇಶ ನಿಲ್ಲುವುದಿಲ್ಲ. ಎರಡು ಕಾಗದ ಪಕ್ಕಪಕ್ಕ ಇಡಿ: ನೇಮಕಾತಿ ಆದೇಶದ ಸಹಿ, ವಜಾ ಆದೇಶದ ಸಹಿ. ಎರಡನೆಯದು ಮೊದಲನೆಯದಕ್ಕಿಂತ ಕೆಳಗಿನ ಪದನಾಮವಾದರೆ ಕೇಸು ಅಲ್ಲೇ ಇದೆ. ಆದರೆ ಹಿಗ್ಗಬೇಡಿ, ಸರಿಯಾದ ಪ್ರಾಧಿಕಾರದಿಂದ ಹೊಸದಾಗಿ ಕ್ರಮ ಶುರು ಮಾಡುವ ದಾರಿ ಇಲಾಖೆಗೆ ಸಾಮಾನ್ಯವಾಗಿ ಇದ್ದೇ ಇರುತ್ತದೆ.

ಒಂದು ಚಿಕ್ಕ ವಿಚಿತ್ರ. ಸಿಸಿಎ ನಿಯಮಗಳ ದಂಡನೆಯ ಪಟ್ಟಿಯಲ್ಲಿ "ಜುಲ್ಮಾನೆ" ಅಂತ ಒಂದಿದೆ, ಅದು ಡಿ ಗುಂಪಿಗೆ ಮಾತ್ರ. ಸಾಹೇಬರಿಗೆ ವಾಗ್ದಂಡನೆ, ದಲಾಯತನಿಗೆ ದಂಡ. ಕಾನೂನು ಪುಸ್ತಕದಲ್ಲೂ ಓಣಿಯ ವಾಸನೆ ಇರುತ್ತದೆ.

ನಮ್ಮ ಭಾಗದವರಿಗೆ ಗುಂಪು ಇನ್ನೊಂದು ಕಾರಣಕ್ಕೆ ಮುಖ್ಯ: ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ. ಕಲ್ಯಾಣ ಕರ್ನಾಟಕದ ಸ್ಥಳೀಯ ವೃಂದದಲ್ಲಿ ಎ ಗುಂಪಿನ ಕಿರಿಯ ಶ್ರೇಣಿ ಮತ್ತು ಬಿ ಗುಂಪಿಗೆ 75, ಸಿ ಗುಂಪಿಗೆ 80, ಡಿ ಗುಂಪಿಗೆ 85 ಪ್ರತಿಶತ ಮೀಸಲು. ಬಡ್ತಿ ಪಟ್ಟಿಯಲ್ಲಿ ಹೆಸರು ಇಲ್ಲವೆಂದರೆ ಮೊದಲು ನೋಡಬೇಕಾದ್ದು ಉಪವಿಭಾಗಾಧಿಕಾರಿ ಕೊಟ್ಟ ಅರ್ಹತಾ ಪ್ರಮಾಣಪತ್ರ ಸೇವಾ ಪುಸ್ತಕದಲ್ಲಿ ನಮೂದಾಗಿದೆಯೋ ಇಲ್ಲವೋ ಅಂತ. ಪ್ರಮಾಣಪತ್ರ ಮನೆಯ ತಿಜೋರಿಯಲ್ಲಿದ್ದರೆ ಉಪಯೋಗವಿಲ್ಲ.

ಐದನೇ ಹೆಜ್ಜೆ: ಹಿಡಿಯುವ ಜಾಲ ದೊಡ್ಡದು, ಕಾಯುವ ಕೊಡೆ ಚಿಕ್ಕದು

ಇಲ್ಲಿತನಕ "ಸರ್ಕಾರಿ ನೌಕರ" ಅಂದೆವು. ಕ್ರಿಮಿನಲ್ ಕಾನೂನಿನ ಪದ ಬೇರೆ: "ಸಾರ್ವಜನಿಕ ನೌಕರ". ಎರಡನ್ನೂ ಒಂದೇ ಅಂದುಕೊಂಡವರೇ ಹೆಚ್ಚು, ವಕೀಲರಲ್ಲೂ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 2(28)ನೇ ಪ್ರಕರಣದಲ್ಲಿ ಇದರ ವ್ಯಾಖ್ಯೆ ಇದೆ, ಹಿಂದಿನ ಐಪಿಸಿ 21ರ ಜಾಗದ್ದು. ಸರ್ಕಾರದ ಸಂಬಳ ತಿನ್ನುವವರು, ಸ್ಥಳೀಯ ಸಂಸ್ಥೆಯವರು, ಕಾಯ್ದೆಯಿಂದ ಆದ ನಿಗಮದವರು, ಸರ್ಕಾರಿ ಕಂಪನಿಯವರು ಎಲ್ಲರೂ ಇದರೊಳಗೆ. ನೇಮಕಾತಿಯಲ್ಲಿ ಕಾನೂನಿನ ದೋಷ ಇದ್ದರೂ ಆ ಸ್ಥಾನದಲ್ಲಿ ಕುಂತು ಕೆಲಸ ಮಾಡುತ್ತಿದ್ದರೆ ಅವನು ಸಾರ್ವಜನಿಕ ನೌಕರನೇ ಅಂತ ಅಲ್ಲೇ ವಿವರಣೆ ಇದೆ. ಭ್ರಷ್ಟಾಚಾರ ತಡೆ ಕಾಯ್ದೆ 1988 ಇನ್ನೂ ಅಗಲ: ಸಾರ್ವಜನಿಕ ಕರ್ತವ್ಯ ಮಾಡಬೇಕಾದ ಹುದ್ದೆ ಹಿಡಿದವರೆಲ್ಲ ಬರುತ್ತಾರೆ. 2016ರಲ್ಲಿ ರಮೇಶ್ ಗೆಲ್ಲಿ ಪ್ರಕರಣದಲ್ಲಿ ಖಾಸಗಿ ಬ್ಯಾಂಕಿನ ಅಧ್ಯಕ್ಷರನ್ನೇ ಸಾರ್ವಜನಿಕ ನೌಕರ ಅಂತ ಸುಪ್ರೀಂ ಕೋರ್ಟ್ ಹಿಡಿದಿದೆ. ಹೊರಗುತ್ತಿಗೆಯವನು ಲಂಚ ಮುಟ್ಟಿದರೆ "ನಾನು ಏಜೆನ್ಸಿಯವನು" ಅಂತ ತಪ್ಪಿಸಿಕೊಳ್ಳುವುದು ಸುಲಭವಲ್ಲ, ಕೋರ್ಟು ಕೆಲಸದ ಸ್ವರೂಪ ನೋಡುತ್ತದೆ. ಲಂಚಕ್ಕೆ ಶಿಕ್ಷೆ 3ರಿಂದ 7 ವರ್ಷ.

ಲಾಭವೂ ಉಂಟು. ಕಂಡಕ್ಟರನ ಮೇಲೆ ಕೈ ಮಾಡಿದರೆ ಸಂಹಿತೆಯ 132ನೇ ಪ್ರಕರಣ ಬೀಳುವುದು ಅವನು ಸರ್ಕಾರಿ ನೌಕರ ಅಂತಲ್ಲ. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ 43ನೇ ಪ್ರಕರಣ ಅವನನ್ನು ಸಾರ್ವಜನಿಕ ನೌಕರ ಎಂದು ಭಾವಿಸುವುದರಿಂದ.

ಈಗ ಕೊಡೆಯ ಮಾತು. ಅಧಿಕಾರಿ ಮತ್ತು ನೌಕರರ ನಡುವಿನ ಭೇದ ಎದ್ದು ಕಾಣುವ ಜಾಗ ಇದೇ. ಕರ್ತವ್ಯ ಮಾಡುವಾಗ ಆದದ್ದೆಂದು ಹೇಳುವ ಅಪರಾಧಕ್ಕೆ ಕೋರ್ಟು ಸಂಜ್ಞೆ ತಗೊಳ್ಳಬೇಕಾದರೆ, ಅಂದರೆ ವಿಚಾರಣೆಗೆ ಎತ್ತಿಕೊಳ್ಳಬೇಕಾದರೆ, ಸರ್ಕಾರದ ಪೂರ್ವಾನುಮತಿ ಬೇಕು ಅನ್ನುವುದು ಹಿಂದೆ ಸಿಆರ್‌ಪಿಸಿ 197, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218. ಆದರೆ ಅದು ಎಲ್ಲ ಸಾರ್ವಜನಿಕ ನೌಕರರಿಗೂ ಅಲ್ಲ. ಸರ್ಕಾರದಿಂದ ಅಥವಾ ಸರ್ಕಾರದ ಮಂಜೂರಾತಿಯಿಂದ ಮಾತ್ರ ಹುದ್ದೆಯಿಂದ ತೆಗೆಯಬಹುದಾದವರಿಗೆ ಅಷ್ಟೇ. ಎ, ಬಿ ಗುಂಪಿನ ಅಧಿಕಾರಿಗಳು ಬಹುಪಾಲು ಇದರ ಕೆಳಗೆ ಬರುತ್ತಾರೆ. ಡಿಸಿಯೇ ತೆಗೆಯಬಹುದಾದ ಗ್ರಾಮ ಆಡಳಿತ ಅಧಿಕಾರಿಗೆ ಈ ಕೊಡೆ ಇಲ್ಲ. ಸರ್ಕಾರಿ ಕಂಪನಿಯ ದೊಡ್ಡ ಸಾಹೇಬರಿಗೂ ಇಲ್ಲ ಅಂತ 1998ರಲ್ಲಿ ಮೊಹಮ್ಮದ್ ಹಾದಿ ರಾಜಾ ಪ್ರಕರಣದಲ್ಲಿ ತೀರ್ಮಾನವಾಗಿದೆ. ಹೊಸ ಸಂಹಿತೆಯಲ್ಲಿ ಸರ್ಕಾರ 120 ದಿನದಲ್ಲಿ ತೀರ್ಮಾನ ಹೇಳದಿದ್ದರೆ ಅನುಮತಿ ಸಿಕ್ಕಂತೆಯೇ.

ಲಂಚದ ಕೇಸಿನ ಅನುಮತಿ ಬೇರೆ. ಭ್ರಷ್ಟಾಚಾರ ತಡೆ ಕಾಯ್ದೆಯ 19ನೇ ಪ್ರಕರಣದಲ್ಲಿ ಆ ನೌಕರನನ್ನು ತೆಗೆಯಲು ಅಧಿಕಾರ ಇರುವ ಪ್ರಾಧಿಕಾರದ ಮಂಜೂರಾತಿ ಸಾಕು. ಜವಾನನಿಗೂ ಅದು ಬೇಕು, ಕಂಡಕ್ಟರನಿಗೂ ಬೇಕು. ಎರಡು ಅನುಮತಿಯನ್ನು ಕಲಸಿ ಅರ್ಜಿ ಬರೆದವರನ್ನು ನೋಡಿದ್ದೇನೆ. ನಾನೂ ಶುರುವಿನಲ್ಲಿ ಒಮ್ಮೆ ಹಾಗೆ ಬರೆದು ನ್ಯಾಯಾಧೀಶರ ಕೈಲಿ ಅನ್ನಿಸಿಕೊಂಡಿದ್ದೇನೆ.

ಆರನೇ ಹೆಜ್ಜೆ: ಯಾವ ಬಾಗಿಲು?

ರಾಜ್ಯದ ಸಿವಿಲ್ ಹುದ್ದೆಯವರು, ಎ ಇರಲಿ ಡಿ ಇರಲಿ, ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ, ಅಂದರೆ ಎಲ್ಲರ ಬಾಯಲ್ಲಿರುವ ಕೆಎಟಿಗೆ. ಬೆಂಗಳೂರಿಗೆ ಓಡಬೇಕಿಲ್ಲ, ಕಲಬುರಗಿಯಲ್ಲೇ ಪೀಠ ಇದೆ. ಮೊದಲು ಇಲಾಖೆಯೊಳಗಿನ ಮೇಲ್ಮನವಿ ಮುಗಿಸಬೇಕು. ಅಂತಿಮ ಆದೇಶದಿಂದ ಒಂದು ವರ್ಷ ಗಡುವು. ಮೇಲ್ಮನವಿ ಹಾಕಿ ಆರು ತಿಂಗಳಾದರೂ ಉತ್ತರವಿಲ್ಲದಿದ್ದರೆ ಆ ಆರು ತಿಂಗಳು ಮುಗಿದಲ್ಲಿಂದ ವರ್ಷ. ಮನವಿಯ ಮೇಲೆ ಮನವಿ, ಜ್ಞಾಪನದ ಮೇಲೆ ಜ್ಞಾಪನ ಕೊಟ್ಟರೆ ಗಡುವು ಬೆಳೆಯುವುದಿಲ್ಲ. ನಮ್ಮವರು "ಸಾಹೇಬ್ರು ನೋಡ್ತೀನಿ ಅಂದಾರ್ರಿ" ಅಂತ ಕಾಯುತ್ತ ಕಳೆಯುವುದು ಈ ವರ್ಷವನ್ನೇ. ನ್ಯಾಯಮಂಡಳಿಯ ಆದೇಶದ ಮೇಲೆ ಹೈಕೋರ್ಟಿನ ವಿಭಾಗೀಯ ಪೀಠಕ್ಕೆ ಹೋಗಬಹುದು, 1997ರ ಎಲ್. ಚಂದ್ರಕುಮಾರ್ ತೀರ್ಪಿನಿಂದ ಆ ದಾರಿ ಇದೆ.

ಕೇಂದ್ರದವರು, ಐಎಎಸ್, ಐಪಿಎಸ್‌ನವರು, ಡಾಕ್ ಸೇವಕರು ಕೇಂದ್ರ ಆಡಳಿತ ನ್ಯಾಯಮಂಡಳಿಗೆ, ಅದು ಬೆಂಗಳೂರಿನಲ್ಲಿದೆ. ವಿಶ್ವವಿದ್ಯಾಲಯ, ಕಂಪನಿ, ನಿಗಮದ ಅಧಿಕಾರಿ ದರ್ಜೆಯವರಿಗೆ ಹೈಕೋರ್ಟ್. ಕಲಬುರಗಿ ಪೀಠ 2008ರಲ್ಲಿ ಸಂಚಾರಿಯಾಗಿ ಬಂದು 2013ರಲ್ಲಿ ಕಾಯಂ ಆಗಿದೆ. ಬೀದರ, ಯಾದಗಿರಿ, ರಾಯಚೂರು, ವಿಜಯಪುರದವರಿಗೂ ಅದೇ. ಕಂಡಕ್ಟರ್, ಡ್ರೈವರ್, ಮೆಕ್ಯಾನಿಕ್, ಲೈನ್‌ಮನ್ ಥರದವರು "ಕಾರ್ಮಿಕ" ಅನ್ನುವ ವ್ಯಾಖ್ಯೆಗೆ ಬರುತ್ತಾರೆ, ಅವರಿಗೆ ಕಾರ್ಮಿಕ ಕಾನೂನಿನ ದಾರಿ. ನಿಜ ಹೇಳಬೇಕೆಂದರೆ ಅದು ಕೆಎಟಿಗಿಂತ ಕೀಳಲ್ಲ. ಅಲ್ಲಿ ಸಾಕ್ಷಿಯನ್ನು ಹೊಸದಾಗಿ ತೂಗಿ, ಶಿಕ್ಷೆ ಅತಿಯಾಯಿತು ಅನ್ನಿಸಿದರೆ ಇಳಿಸುವ ಅಧಿಕಾರವೂ ಇದೆ. ಟಿಕೆಟ್ ಕೊಡದ ಕೇಸಿನ ಕಂಡಕ್ಟರರು "ನಾವೂ ಕೆಎಟಿಗಿ ಹೋಗ್ತೀವ್ರಿ" ಅಂತ ಹಟ ಹಿಡಿಯುವುದು ಬರೀ ಹೆಸರಿನ ಮೋಹ. ಅನುದಾನಿತ ಶಾಲೆಗಳ ಶಿಕ್ಷಕರಿಗೆ ಶಿಕ್ಷಣ ಕಾಯ್ದೆಯ ಪ್ರಕಾರ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿ ಇದೆ, ಅದನ್ನು ಜಿಲ್ಲಾ ನ್ಯಾಯಾಧೀಶರು ನೋಡುತ್ತಾರೆ.

ಕಿಟಕಿಯ ಈಚೆ ನಿಂತವರಿಗೆ

ನೀವು ನೌಕರರಲ್ಲ, ಕೆಲಸಕ್ಕೆ ಹೋದವರು ಅನ್ನಿ. ಎದುರಿಗೆ ಕುಂತವನು ಯಾವ ಗುಂಪು ಅಂತ ತಲೆಕೆಡಿಸಿಕೊಳ್ಳಬೇಕಾದ್ದು ಕಡಿಮೆ. ಲಂಚ ಕೇಳಿದರೆ ಲೋಕಾಯುಕ್ತ ಪೊಲೀಸರು. ಭ್ರಷ್ಟಾಚಾರ ನಿಗ್ರಹ ದಳವನ್ನು (ಎಸಿಬಿ) ಹೈಕೋರ್ಟ್ 2022ರ ಆಗಸ್ಟಿನಲ್ಲಿ ರದ್ದು ಮಾಡಿದ ಮೇಲೆ ಆ ಕೆಲಸ ಮತ್ತೆ ಅವರದೇ. ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡುವ "ಸಕಾಲ" ಯೋಜನೆಯಲ್ಲಿ ಅರ್ಜಿ ಹಾಕಿದ್ದರೆ ಅದರ ಸ್ವೀಕೃತಿಯ ಜಿಎಸ್‌ಸಿ ನಂಬರ್ ಇಟ್ಟುಕೊಳ್ಳಿ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು, ಮೊತ್ತ ಚಿಕ್ಕದು, ಕೇಳಿದರೆ ಕಡತ ಓಡುತ್ತದೆ.

ಸಿವಿಲ್ ದಾವೆ ಹಾಕುವುದಾದರೆ ಮಾತ್ರ ಎಚ್ಚರ. ಸರ್ಕಾರದ ಮೇಲೆ, ಅಥವಾ ಅಧಿಕಾರದಲ್ಲಿದ್ದು ಮಾಡಿದ ಕೆಲಸಕ್ಕೆ ಸಾರ್ವಜನಿಕ ಅಧಿಕಾರಿಯ ಮೇಲೆ ದಾವೆ ಹಾಕಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಪ್ರಕರಣದ ಎರಡು ತಿಂಗಳ ನೋಟಿಸ್ ಬೇಕು. ತೀರಾ ತುರ್ತು ಇದ್ದರೆ ಕೋರ್ಟಿನ ಅನುಮತಿ ಪಡೆದು ನೋಟಿಸ್ ಇಲ್ಲದೆ ಹಾಕಬಹುದು. "ಸಾರ್ವಜನಿಕ ಅಧಿಕಾರಿ" ಅನ್ನುವುದಕ್ಕೆ ಆ ಸಂಹಿತೆಯ 2(17)ರಲ್ಲಿ ಮತ್ತೊಂದು ವ್ಯಾಖ್ಯೆ ಇದೆ, ನ್ಯಾಯ ಸಂಹಿತೆಯದಲ್ಲ. ನಿಗಮ, ಪಾಲಿಕೆಗಳ ವಿರುದ್ಧವಾದರೆ ಆಯಾ ಕಾಯ್ದೆಯಲ್ಲಿ ಬೇರೆ ನೋಟಿಸ್ ಇದೆಯೋ ಅಂತ ನೋಡಿಕೊಂಡೇ ಹೆಜ್ಜೆ ಇಡಿ.

ಚಿಂಚೋಳಿಯ ಹುಡುಗ ಮೊನ್ನೆ ಮತ್ತೆ ಬಂದಿದ್ದ. ಈ ಸಲ ಕೊರಳಲ್ಲಿ ಗುರುತಿನ ಚೀಟಿ ಇರಲಿಲ್ಲ, ಕೈಯಲ್ಲಿ ದಪ್ಪ ಫೈಲು ಇತ್ತು. ಒಂಬತ್ತು ವರ್ಷದಲ್ಲಿ ಏಜೆನ್ಸಿ ಮೂರು ಸಲ ಬದಲಾಗಿದೆ, ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಸಾಲು ಮಾತ್ರ ಬದಲಾಗಿಲ್ಲ. ಆ ಪುಟಗಳ ನಕಲಿಗೆ ಮಾಹಿತಿ ಹಕ್ಕಿನ ಅರ್ಜಿ ಬರೆದು, ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಹಚ್ಚಿ ಕಳಿಸಿದ್ದೇವೆ.